ಆಳಂದದ ಆರು ಸಾವಿರ ಹೆಸರುಗಳು

ಕಳ್ಳನು ಮನೆಗೆ ಕನ್ನವಿಕ್ಕಿದರೆ ಬೆಳಗಾಗುವಷ್ಟರಲ್ಲಿ ಗೋಡೆಯ ರಂಧ್ರವು ಕಾಣುವದು. ಮತಗಟ್ಟೆಗೆ ನುಗ್ಗಿ ಪೆಟ್ಟಿಗೆಯನ್ನು ಕಸಿದೊಯ್ದರೆ ಅದನ್ನು ಊರು ನೋಡುವದು, ಪೋಲೀಸರು ನೋಡುವರು, ಮರುಮತದಾನವೂ ಆಗುವದು. ಆದರೆ ಗೃಹಸ್ಥನೊಬ್ಬನು ತನ್ನ ಮನೆಯಲ್ಲಿ ನೆಮ್ಮದಿಯಿಂದ ಮಲಗಿರುವಾಗ, ಅವನ ನೆರೆಯವನ ಹೆಸರನ್ನು ಹಿಡಿದುಕೊಂಡು, ಆ ನೆರೆಯವನಿಗೂ ಸುಳಿವು ಹತ್ತದಂತೆ, ಎಲ್ಲಿಯೋ ಕುಳಿತ ಮೂರನೆಯವನು ಮತದಾರರ ಯಾದಿಯಿಂದ ಅವನ ಹೆಸರನ್ನು ತೆಗೆದುಹಾಕಬೇಕೆಂದು ಅರ್ಜಿಯನ್ನು ಕಳುಹಿಸಿದರೆ ಅದನ್ನು ಕಾಣುವವರು ಯಾರು? ಕೂಗುವವರು ಯಾರು? ಇದು ಕಲ್ಪನೆಯ ಮಾತಾಗಿದ್ದರೆ ನಾವು ಈ ಅಂಕಣವನ್ನು ಅದಕ್ಕಾಗಿ ವ್ಯಯಿಸುತ್ತಿರಲಿಲ್ಲ. ಇದು ನಮ್ಮ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ, 2023ನೆಯ ಇಸವಿಯ ವಿಧಾನಸಭಾ ಚುನಾವಣೆಗೆ ಮುಂಚೆ, ನಿಜವಾಗಿಯೂ ನಡೆದ ಸಂಗತಿಯು.

ವಾಚಕರಲ್ಲಿ ಅನೇಕರು ಇದನ್ನು ಪಕ್ಷಗಳ ಜಗಳವೆಂದು ಬಗೆದು ಕೈಬಿಟ್ಟಿರುವರೆಂದು ನಾವು ಬಲ್ಲೆವು. ಆದುದರಿಂದ ವಿವಾದವಿಲ್ಲದ ಅಂಶಗಳನ್ನೇ ಮೊದಲು ಹೇಳುವೆವು. ಯಾದಿಯಿಂದ ಹೆಸರನ್ನು ತೆಗೆಯಿಸಲು ಇರುವ ಅರ್ಜಿಗೆ ಏಳನೆಯ ನಮೂನೆಯೆಂದು ಹೆಸರು. ಆಳಂದ ಕ್ಷೇತ್ರದಲ್ಲಿ ಅಂಥ 6,018 ಅರ್ಜಿಗಳು ಅಂತರ್ಜಾಲದ ಮೂಲಕ ಬಂದವು. ಒಂದೊಂದನ್ನೂ ಪರಿಶೀಲಿಸಿದಾಗ ಅವುಗಳಲ್ಲಿ 24 ಮಾತ್ರ ನಿಜವಾದವೆಂದೂ ಮಿಕ್ಕ 5,994 ಸುಳ್ಳೆಂದೂ ಕಂಡುಬಂದಿತು. ಸುಳ್ಳು ಅರ್ಜಿಗಳು ತಿರಸ್ಕೃತವಾದವು. 2023ರ ಫೆಬ್ರುವರಿ 21ರಂದು ಮತದಾರರ ನೋಂದಣಾಧಿಕಾರಿಗಳೇ ಆಳಂದದ ಪೋಲೀಸ್ ಠಾಣೆಯಲ್ಲಿ ಫಿರ್ಯಾದನ್ನು ಕೊಟ್ಟರು. ಇಷ್ಟನ್ನು ಚುನಾವಣಾ ಆಯೋಗವೂ ಒಪ್ಪಿದೆ, ಪೋಲೀಸರೂ ಒಪ್ಪಿರುವರು. ಜಗಳವೇನಿದ್ದರೂ ಇದರ ಮುಂದಿನದು.

ಈ ಗುಟ್ಟು ಬಯಲಿಗೆ ಬಂದ ಬಗೆಯು ಗಮನಾರ್ಹವಾಗಿದೆ. ಯಾವ ಯಂತ್ರವೂ ಇದನ್ನು ಕಂಡುಹಿಡಿಯಲಿಲ್ಲ. ರಾಜಧಾನಿಯ ಯಾವ ತಜ್ಞರೂ ಕಂಡುಹಿಡಿಯಲಿಲ್ಲ. ಹೊರಬಿದ್ದ ವೃತ್ತಾಂತದಂತೆ, ಮತಗಟ್ಟೆಯ ಮಟ್ಟದ ಅಧಿಕಾರಿಯೊಬ್ಬರ ಕೈಗೆ ಬಂದ ಅರ್ಜಿಗಳಲ್ಲಿ ಅವರ ಬಂಧುವಿನದೇ ಹೆಸರು ಇತ್ತು. ತಮ್ಮ ಬಂಧುವು ಊರನ್ನು ಬಿಟ್ಟಿಲ್ಲವೆಂದು ಅವರಿಗೆ ಗೊತ್ತಿತ್ತು. ಅರ್ಜಿದಾರನೆಂದು ಕಾಣಿಸಿದ ನೆರೆಯವರನ್ನು ಹೋಗಿ ಕೇಳಿದರೆ, ಅವರು ತಾವು ಅಂಥ ಅರ್ಜಿಯನ್ನೇ ಮಾಡಿಲ್ಲವೆಂದು ಹೇಳಿದರು. ಒಂದು ಎಳೆಯು ಸಿಕ್ಕಿತು. ಎಳೆದಂತೆ ಆರು ಸಾವಿರ ಹೆಸರುಗಳ ಗಂಟು ಬಿಚ್ಚಿಕೊಂಡಿತು. ಆ ದಿನ ಆ ಅಧಿಕಾರಿಯ ಕೈಗೆ ಅಪರಿಚಿತರ ಹೆಸರುಗಳೇ ಬಂದಿದ್ದರೆ ಏನಾಗುತ್ತಿತ್ತೆಂಬದನ್ನು ವಾಚಕರೇ ಯೋಚಿಸಲಿ.

ಆರು ಸಾವಿರವೆಂದರೆ ಎಷ್ಟು ದೊಡ್ಡ ಸಂಖ್ಯೆಯೆಂದು ಕೇಳುವವರೂ ಇರುವರು. ಲಕ್ಷಗಟ್ಟಲೆ ಮತದಾರರಿರುವ ಕ್ಷೇತ್ರದಲ್ಲಿ ಇದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಎಂದು ಕೆಲವರು ತಳ್ಳಿಹಾಕುವದನ್ನು ನಾವು ಕೇಳಿದ್ದೇವೆ. ಅವರಿಗೆ ಆಳಂದದ ಲೆಕ್ಕವೇ ಉತ್ತರವನ್ನು ಕೊಡುವದು. 2018ರ ಚುನಾವಣೆಯಲ್ಲಿ ಅಲ್ಲಿ ಸುಭಾಷ ಗುತ್ತೇದಾರರು ಬಿ. ಆರ್. ಪಾಟೀಲರನ್ನು ಸೋಲಿಸಿದ್ದು 697 ಮತಗಳಿಂದ. ತೆಗೆದುಹಾಕಲೆಳಸಿದ ಹೆಸರುಗಳು ಆ ಅಂತರದ ಎಂಟೂವರೆ ಪಟ್ಟಿಗಿಂತ ಹೆಚ್ಚು. 2023ರಲ್ಲಿ ಪಾಟೀಲರು 10,348 ಮತಗಳಿಂದ ಗೆದ್ದರೆಂಬದು ನಿಜ; ಆದರೆ ಗೆಲವಿನ ಅಂತರವು ಎಷ್ಟಾಗುವದೆಂದು ಫೆಬ್ರುವರಿಯಲ್ಲಿ ಯಾರು ಬಲ್ಲರು? ಪಕ್ಕದ ಜೇವರ್ಗಿಯನ್ನು ನೋಡಿರಿ. ಮುಖ್ಯಮಂತ್ರಿಗಳಾಗಿ ಆಳಿದ ಧರ್ಮಸಿಂಗರು 2008ರಲ್ಲಿ ತಮ್ಮ ಸ್ವಂತ ಕ್ಷೇತ್ರದಲ್ಲಿ ಕೇವಲ 70 ಮತಗಳಿಂದ ಸೋತರು. ಇನ್ನೂ ದಕ್ಷಿಣಕ್ಕೆ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಎ. ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣರ ಎದುರು ಒಂದೇ ಒಂದು ಮತದಿಂದ ಸೋತರು. ಒಂದು ಮತಕ್ಕೆ ಶಾಸಕತ್ವದ ಬೆಲೆ ಇರುವ ನಾಡಿನಲ್ಲಿ ಆರು ಸಾವಿರವು ಅಲ್ಪವೆಂದು ಹೇಳುವದು ವಿವೇಕವಲ್ಲ.

ಇದು ನಡೆಯಿತು ಹೇಗೆ? ನಮ್ಮ ಕಾಯದೆಯಂತೆ ಒಂದು ಕ್ಷೇತ್ರದ ಯಾದಿಯಲ್ಲಿಯ ಹೆಸರಿಗೆ ಆಕ್ಷೇಪವನ್ನು ಎತ್ತುವವನು ಅದೇ ಕ್ಷೇತ್ರದ ಮತದಾರನಾಗಿರಬೇಕು. ಯಾದಿಯಾದರೋ ಎಲ್ಲರಿಗೂ ತೆರೆದ ಪುಸ್ತಕವು; ತೆರೆದಿರಬೇಕಾದದ್ದೂ ನ್ಯಾಯವೇ. ಅದರೊಳಗಿಂದ ನಿಜವಾದ ಮತದಾರನೊಬ್ಬನ ಹೆಸರನ್ನೂ ಗುರುತಿನ ಸಂಖ್ಯೆಯನ್ನೂ ಎತ್ತಿಕೊಂಡು ಅವನನ್ನು ಅರ್ಜಿದಾರನನ್ನಾಗಿ ಮಾಡಿದರು. ಅರ್ಜಿಯನ್ನು ತುಂಬಲು ಒಂದು ಮೊಬೈಲ್ ನಂಬರವು ಬೇಕು. ಆ ನಂಬರಿಗೆ ಬರುವ ಒ.ಟಿ.ಪಿ.ಯನ್ನು ಒತ್ತಿದರೆ ಬಾಗಿಲು ತೆರೆಯುವದು. ಆದರೆ ಆ ನಂಬರವೂ ಆ ಹೆಸರೂ ಒಬ್ಬನವೇ ಎಂದು ಆಗ ಯಾರೂ ನೋಡುತ್ತಿರಲಿಲ್ಲ. ಹೆಸರು ಆಳಂದದ ರೈತನದು, ನಂಬರವು ಎಲ್ಲಿಯದೋ, ಬೆರಳು ಮತ್ತಾರದೋ! ತಹಶೀಲದಾರರ ಕಚೇರಿಗೆ ಒಬ್ಬನು ಬಂದು ಇನ್ನೊಬ್ಬನ ಹೆಸರಿನಲ್ಲಿ ಸಹಿ ಹಾಕಿದರೆ ಗುಮಾಸ್ತನು ಮುಖವನ್ನಾದರೂ ನೋಡುವನು. ಯಂತ್ರಕ್ಕೆ ಮುಖವು ಕಾಣುವದಿಲ್ಲ. ಅದು ಕೇಳುವದು ಅಂಕಿಯನ್ನು ಮಾತ್ರ.

ರಾಜ್ಯ ಸರಕಾರವು 2025ರ ಸೆಪ್ಟೆಂಬರದಲ್ಲಿ ನೇಮಿಸಿದ ವಿಶೇಷ ತನಿಖಾ ದಳವು ಕಂಡುಕೊಂಡದ್ದೆಂದು ಪ್ರಕಟವಾಗಿರುವಂತೆ, ಈ ಅರ್ಜಿಗಳನ್ನು ತುಂಬುವ ಕೆಲಸವು ಕಲಬುರಗಿಯಲ್ಲಿಯೇ ಕೂಲಿಗೆ ನಡೆಯಿತು; ಹೆಸರೊಂದಕ್ಕೆ ಕೊಟ್ಟ ಕೂಲಿಯು 80 ರೂಪಾಯಿ; ಒಟ್ಟು ಸುಮಾರು 4 ಲಕ್ಷ 80 ಸಾವಿರ ರೂಪಾಯಿ. ಇದಾದ ಮೇಲೆ ಆರೋಪಪಟ್ಟಿಯೂ ಸಲ್ಲಿಕೆಯಾಗಿದೆ. ಆರೋಪಿಗಳ ಹೆಸರುಗಳನ್ನು ನಾವು ಇಲ್ಲಿ ಎತ್ತುವದಿಲ್ಲ. ತೀರ್ಪು ಕೊಡುವದು ನ್ಯಾಯಾಲಯದ ಕೆಲಸವು, ಪತ್ರಿಕೆಯದಲ್ಲ. ಅವರಲ್ಲಿ ಯಾರು ತಪ್ಪಿತಸ್ಥರು, ಯಾರು ನಿರಪರಾಧಿಗಳೆಂಬದು ಅಲ್ಲಿಯೇ ತೀರ್ಮಾನವಾಗಲಿ. ಆದರೆ ಎಂಬತ್ತು ರೂಪಾಯಿಯ ಲೆಕ್ಕವನ್ನು ಮಾತ್ರ ನಾವು ಮರೆಯಲಾರೆವು. ಮತಗಟ್ಟೆಯ ಮಟ್ಟದ ಅಧಿಕಾರಿಗೆ, ಅಂದರೆ ಶಾಲೆಯ ಮಾಸ್ತರರಿಗೋ ಅಂಗನವಾಡಿಯ ಕಾರ್ಯಕರ್ತೆಗೋ, ಈ ಕೆಲಸಕ್ಕಾಗಿ ಆಗ ನಿಗದಿಯಾಗಿದ್ದ ಸಂಭಾವನೆಯು ವರ್ಷಕ್ಕೆ 6,000 ರೂಪಾಯಿ. 2025ರ ಆಗಸ್ಟದಲ್ಲಿ ಅದನ್ನು 12,000ಕ್ಕೆ ಏರಿಸಿದರು. ಎಂದರೆ, ಒಂದು ಕ್ಷೇತ್ರದ ಯಾದಿಯನ್ನು ಕೆಡಿಸಲು ಸುರಿದ ಹಣದಿಂದ ಅದನ್ನು ಕಾಯುವ ಒಬ್ಬ ಮಾಸ್ತರರಿಗೆ ಹಳೆಯ ದರದಲ್ಲಿ ಎಂಬತ್ತು ವರ್ಷಗಳ ಸಂಭಾವನೆಯನ್ನು ಕೊಡಬಹುದಾಗಿತ್ತು!

ಇಲ್ಲಿ ಆಯೋಗದ ಮಾತನ್ನೂ ನ್ಯಾಯವಾಗಿ ಹೇಳಬೇಕು. 2025ರ ಸೆಪ್ಟೆಂಬರ 18ರಂದು ಲೋಕಸಭೆಯ ವಿರೋಧಪಕ್ಷದ ನಾಯಕರಾದ ರಾಹುಲ ಗಾಂಧಿಯವರು ದಿಲ್ಲಿಯಲ್ಲಿ ಆಳಂದದ ಸಂಗತಿಯನ್ನೆತ್ತಿ, ತನಿಖೆಗೆ ಬೇಕಾದ ವಿವರಗಳನ್ನು ಆಯೋಗವು ಬಚ್ಚಿಡುತ್ತಿದೆಯೆಂದು ಆಪಾದಿಸಿದರು. ಆಯೋಗವು ಅದೇ ದಿನ ಉತ್ತರವನ್ನು ಕೊಟ್ಟಿತು: ಸಾರ್ವಜನಿಕರಲ್ಲಿ ಯಾರೂ ಅಂತರ್ಜಾಲದ ಮೂಲಕ ಒಂದು ಮತವನ್ನೂ ಅಳಿಸಲಾರರು, ಬಾಧಿತನ ಅಹವಾಲನ್ನು ಕೇಳದೆ ಹೆಸರನ್ನು ತೆಗೆಯುವಂತಿಲ್ಲ, ಆಳಂದದಲ್ಲಿ ನಡೆದ ಯತ್ನವು ವಿಫಲವಾಯಿತು, ಫಿರ್ಯಾದನ್ನು ಕೊಟ್ಟವರೂ ಆಯೋಗದ ಅಧಿಕಾರಿಗಳೇ, ಇದ್ದ ಮಾಹಿತಿಯನ್ನು 2023ರ ಸೆಪ್ಟೆಂಬರ 6ರಂದೇ ಜಿಲ್ಲೆಯ ಪೋಲೀಸ್ ವರಿಷ್ಠರಿಗೆ ಒಪ್ಪಿಸಲಾಗಿದೆ.

ಇದರಲ್ಲಿ ನಿಜಾಂಶವು ಬಹಳವಿದೆ. 1950ರ ಪ್ರಜಾಪ್ರಾತಿನಿಧ್ಯ ಕಾಯದೆಯ 22ನೆಯ ಕಲಮು, ಒಬ್ಬನು ವಾಸವನ್ನು ಬದಲಿಸಿದ್ದಾನೆಂಬ ಕಾರಣದಿಂದ ಹೆಸರನ್ನು ತೆಗೆಯುವ ಮೊದಲು ಅವನಿಗೆ ತನ್ನ ಮಾತನ್ನು ಹೇಳಲು ಅವಕಾಶವನ್ನು ಕೊಡಬೇಕೆಂದು ವಿಧಿಸುವದು. ಈ ಕಲಮೂ ಮನೆಮನೆಗೆ ನಡೆದುಹೋಗುವ ಆ ಮಾಸ್ತರರೂ ಆಳಂದವನ್ನು ಕಾಪಾಡಿದರೆಂಬದರಲ್ಲಿ ಸಂಶಯವಿಲ್ಲ. ಆದರೆ ಕಾವಲುಗಾರನು ಈ ಸಾರೆ ಎಚ್ಚರವಿದ್ದನೆಂದು ಬಾಗಿಲನ್ನು ತೆರೆದಿಟ್ಟೇ ಮಲಗಬಹುದೆ? ಯತ್ನವು ವಿಫಲವಾಯಿತೆಂದು ಹೇಳುವವರು, ಮುಂದಿನ ಯತ್ನವೂ ವಿಫಲವಾಗುವದೆಂಬದಕ್ಕೆ ಆಧಾರವನ್ನು ತೋರಿಸಬೇಕು.

ನಮ್ಮ ಜಿಲ್ಲೆಯ ಸ್ಥಿತಿಯನ್ನು ಬಲ್ಲವರಿಗೆ ಈ ಭಯವು ಬೇಗನೆ ತಿಳಿಯುವದು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಸುಗ್ಗಿ ಮುಗಿದ ಮೇಲೆ ಎಷ್ಟು ಕುಟುಂಬಗಳು ಪುಣೆ, ಮುಂಬಯಿ, ಸೊಲ್ಲಾಪುರ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋಗುವವು! ಮನೆಗೆ ಕೀಲಿ, ಒಳಗೆ ಯಾರಿಲ್ಲ, ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕುಳಿತಿದ್ದರೆ ಪುಣ್ಯ. ಅಂಥ ಮನೆಗೆ ನೋಟೀಸು ಬಂದರೆ ಓದುವವರಾರು? ‘ಇವರು ಊರು ಬಿಟ್ಟಿದ್ದಾರೆ’ ಎಂಬ ಅರ್ಜಿಯನ್ನು ಪರಿಶೀಲಿಸಲು ಹೋದ ಅಧಿಕಾರಿಗೆ ಕೀಲಿ ಹಾಕಿದ ಬಾಗಿಲೇ ಸಾಕ್ಷಿಯಾಗುವದು. ಮಳೆಗಾಲಕ್ಕೆ ತೊಗರಿ ಬಿತ್ತಲು ತಿರುಗಿ ಬರುವ ಕೂಲಿಕಾರನು ಊರನ್ನು ಬಿಟ್ಟವನಲ್ಲ. ಹೊಟ್ಟೆಯ ಸಲುವಾಗಿ ಹೊರಗೆ ಹೋದವನು. ಆದರೆ ಯಾದಿಯಿಂದ ಹೆಸರು ಹೋದುದು ಅವನಿಗೆ ಗೊತ್ತಾಗುವದು ಮತದಾನದ ದಿನ, ಮತಗಟ್ಟೆಯ ಬಾಗಿಲಲ್ಲಿ. ನಾಮಪತ್ರಗಳನ್ನು ಸಲ್ಲಿಸುವ ಕೊನೆಯ ದಿನವು ಮೀರಿದ ಮೇಲೆ ಆ ಚುನಾವಣೆಗೆ ಯಾದಿಯನ್ನು ತಿದ್ದುವಂತಿಲ್ಲ. ಅಂದು ಅವನು ಎಷ್ಟು ಕೂಗಿದರೇನು?

ಅಫಜಲಪುರ, ಜೇವರ್ಗಿಗಳಲ್ಲಿಯೂ ಹೀಗೆಯೇ ನಡೆಯಿತೆಂದು ನಾವು ಹೇಳುತ್ತಿಲ್ಲ. ನಾವು ಹೇಳುವದಿಷ್ಟೇ: ಭೀಮೆಯ ದಂಡೆಯ ಈ ತಾಲೂಕುಗಳಿಗೂ ಆಳಂದಕ್ಕೂ ಇರುವದು ಒಂದೇ ಬಾಗಿಲು, ಒಂದೇ ನಮೂನೆ, ಒಂದೇ ಬಗೆಯ ಬಡವರು. ಆಳಂದದಲ್ಲಿ ಎಂಬತ್ತು ರೂಪಾಯಿಗೆ ಆದ ಕೆಲಸಕ್ಕೆ ಬೇರೆ ಕಡೆಯಲ್ಲಿ ಹೆಚ್ಚಿನ ದರವೇನೂ ಇರಲಾರದು.

ಯಾದಿಯ ವಿವರಗಳು ಕೈತಪ್ಪಿದರೆ ಏನಾಗುವದೆಂಬದನ್ನು ಬೆಂಗಳೂರು ಇದಕ್ಕೂ ಮೊದಲೇ ಕಂಡಿತ್ತು. 2022ರಲ್ಲಿ ಮತದಾರರಿಗೆ ತಿಳಿವಳಿಕೆ ಕೊಡಲು ಮಹಾನಗರ ಪಾಲಿಕೆಯಿಂದ ಅನುಮತಿ ಪಡೆದಿದ್ದ ‘ಚಿಲುಮೆ’ ಎಂಬ ಸಂಸ್ಥೆಯವರು ಮನೆಮನೆಗೆ ಹೋಗಿ ಜನರ ವಿವರಗಳನ್ನು ಸಂಗ್ರಹಿಸಿದರೆಂಬ ಆಪಾದನೆಯೆದ್ದಾಗ, ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳನ್ನು ಅಮಾನತಿನಲ್ಲಿಟ್ಟು, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಯಾದಿಗಳನ್ನು ಪುನಃ ಪರಿಶೀಲಿಸಬೇಕೆಂದು ಆಜ್ಞಾಪಿಸಿತು. ಹೊರನಾಡುಗಳ ಅನುಭವವೂ ಇದನ್ನೇ ಹೇಳುವದು. 2016ರಲ್ಲಿ ಅಮೇರಿಕೆಯ ಇಲಿನಾಯ್ ಸಂಸ್ಥಾನದ ಮತದಾರರ ದಫ್ತರಕ್ಕೆ ರಶಿಯದ ಗೂಢಚಾರರು ಕನ್ನವಿಕ್ಕಿದರು. ಅದೇ ವರ್ಷ ಫಿಲಿಪೈನ್ಸ್ ದೇಶದಲ್ಲಿ ಸುಮಾರು ಐದೂವರೆ ಕೋಟಿ ಮತದಾರರ ವಿವರಗಳು ಬೀದಿಗೆ ಬಿದ್ದವು. ಬ್ರಿಟನ್ನಿನ ಚುನಾವಣಾ ಆಯೋಗದ ದಫ್ತರಕ್ಕೆ 2021ರ ಆಗಸ್ಟದಲ್ಲಿ ನುಗ್ಗಿದವರನ್ನು ಗುರುತಿಸಿದ್ದು 2022ರ ಅಕ್ಟೋಬರದಲ್ಲಿ. ಜನರಿಗೆ ತಿಳಿಸಿದ್ದು 2023ರಲ್ಲಿ. ಪ್ರಜಾಪ್ರಭುತ್ವದ ತವರೆಂದು ಹೇಳಿಕೊಳ್ಳುವ ನಾಡಿನ ಗತಿಯೇ ಹೀಗಿದ್ದರೆ ನಾವು ಎಷ್ಟು ಎಚ್ಚರದಿಂದಿರಬೇಕು!

ನಮ್ಮಲ್ಲಿ ಚುನಾವಣೆ ಬಂದಾಗಲೆಲ್ಲ ಮತಯಂತ್ರದ ವಿಷಯವಾಗಿ ವಾದವೇಳುವದು. ಆ ವಾದವನ್ನು ನಾವು ಇಂದು ಮುಟ್ಟುವದಿಲ್ಲ. ಯಂತ್ರಕ್ಕೆ ಅಂತರ್ಜಾಲದ ಸಂಪರ್ಕವಿಲ್ಲ. ಜತೆಗೆ ಕಾಗದದ ಚೀಟಿಯೂ ಬೀಳುವದು. ಯಾದಿಯಾದರೋ ಪೂರ್ತಿಯಾಗಿ ಅಂತರ್ಜಾಲದ ಮೇಲಿದೆ. ಕೋಟೆಯ ಹೆಬ್ಬಾಗಿಲನ್ನು ಕಾಯುತ್ತ ಎಲ್ಲರೂ ನಿಂತಿರುವಾಗ ಹಿತ್ತಲ ದಿಡ್ಡಿಯು ತೆರೆದಿದ್ದುದನ್ನು ಆಳಂದವು ತೋರಿಸಿಕೊಟ್ಟಿತು.

ವಿಳಂಬದ ವಿಷಯವಾಗಿಯೂ ಎರಡು ಮಾತು. ಫಿರ್ಯಾದು 2023ರ ಫೆಬ್ರುವರಿಯಲ್ಲಿ. ವಿಶೇಷ ತನಿಖಾ ದಳವು 2025ರ ಸೆಪ್ಟೆಂಬರದಲ್ಲಿ. ನಡುವಿನ ಎರಡೂವರೆ ವರ್ಷಗಳಲ್ಲಿ ಅಪರಾಧ ತನಿಖಾ ಇಲಾಖೆಯು ಇನ್ನಷ್ಟು ವಿವರಗಳನ್ನು ಕೇಳುತ್ತ ಪತ್ರದ ಮೇಲೆ ಪತ್ರವನ್ನು ಬರೆಯಿತು. ಇದ್ದುದನ್ನು ಕೊಟ್ಟಾಗಿದೆಯೆಂದು ಆಯೋಗವು ಹೇಳಿತು. ಕೊಲೆಯಾದ ಸ್ಥಳದಲ್ಲಿಯ ರಕ್ತದ ಕಲೆಯು ಒಣಗುವಂತೆ ಅಂತರ್ಜಾಲದ ಹೆಜ್ಜೆಗುರುತುಗಳೂ ಅಳಿಯುವವು. 2022ರ ಏಪ್ರಿಲದಲ್ಲಿ ಕೇಂದ್ರದ ಸರ್ಟ್-ಇನ್ ಸಂಸ್ಥೆಯು ಹೊರಡಿಸಿದ ಆಜ್ಞೆಯಂತೆ ಇಂಥ ದಾಖಲೆಗಳನ್ನು 180 ದಿನಗಳ ವರೆಗೆ ಇಡಬೇಕು. ಆರು ತಿಂಗಳ ಆಯುಷ್ಯವುಳ್ಳ ಸಾಕ್ಷ್ಯವನ್ನು ಎರಡೂವರೆ ವರ್ಷಗಳಾದ ಮೇಲೆ ಹುಡುಕಹೊರಟರೆ ಎಷ್ಟು ಸಿಕ್ಕೀತು? ಇದರಲ್ಲಿ ತಪ್ಪು ಒಂದೇ ಕಡೆಯದೆಂದು ನಾವು ಹೇಳಲಾರೆವು. ಆದರೆ ಎರಡೂ ಕಡೆಯವರ ಕಾಗದಗಳ ನಡುವೆ ಪ್ರಜೆಯು ಕಾದು ನಿಂತನೆಂಬದನ್ನು ಹೇಳಲೇಬೇಕು.

ಮತದಾರರ ಯಾದಿಯಲ್ಲಿ ಹೆಸರಿರುವದೆಂದರೇನೆಂಬದನ್ನು ನಾವು ಮರೆತಂತೆ ತೋರುವದು. ನಿಜಾಮರ ಆಳಿಕೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿಗಳ ಸಾಮಾನ್ಯ ರೈತನಿಗೆ ವಯಸ್ಕ ಮತದಾನವೆಂಬದು ಇರಲಿಲ್ಲ. 1948ರ ಸೆಪ್ಟೆಂಬರ 17ರಂದು ಈ ನಾಡು ಬಿಡುಗಡೆಯಾಯಿತು. ನಾಲ್ಕು ವರ್ಷಗಳೂ ತುಂಬುವ ಮೊದಲು, 1952ರಲ್ಲಿ, ಇಲ್ಲಿಯ ಜನರು ಹೈದರಾಬಾದು ವಿಧಾನಸಭೆಗೆ ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿದರು. ಅಕ್ಷರ ಬಾರದವನೂ, ಹೊಲವಿಲ್ಲದವನೂ, ಜಾಗೀರದಾರನೂ ಒಂದೇ ಸಾಲಿನಲ್ಲಿ ನಿಂತರು. ಆ ಮೊದಲ ಮಹಾಚುನಾವಣೆಯ ಯಾದಿಯನ್ನು ಸಿದ್ಧಗೊಳಿಸುವಾಗ ಉತ್ತರದ ಪ್ರಾಂತಗಳಲ್ಲಿ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಲ್ಲದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಯಿಸಿದರು. ಹೆಸರಿಲ್ಲದವರಿಗೆ ಮತವಿಲ್ಲವೆಂದು ಮೊದಲ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ನಿಶ್ಚಯಿಸಲು, ಸುಮಾರು 28 ಲಕ್ಷ ಸ್ತ್ರೀಯರು ಯಾದಿಯಿಂದ ಹೊರಗುಳಿದರು. ಕಠಿಣವಾದ ನಿರ್ಣಯವದು, ಆದರೆ ಪ್ರಜೆಯ ಹೆಸರೆಂಬದು ಅವಳ ಸ್ವಂತದ ಸೊತ್ತು, ಅದನ್ನು ಮತ್ತೊಬ್ಬರು ಬಳಸಲಾಗದೆಂಬ ತತ್ವವು ಅದರಲ್ಲಿತ್ತು. ಆಳಂದದಲ್ಲಿ ಕದಿಯಲ್ಪಟ್ಟದ್ದು ಆ ಹೆಸರೇ. ಮತವನ್ನು ಕಳೆದುಕೊಳ್ಳಬೇಕಾಗಿದ್ದವನದು ಒಂದು ಅನ್ಯಾಯ; ತನ್ನ ಹೆಸರಿನಿಂದ ನೆರೆಯವನ ಮತಕ್ಕೆ ಕುತ್ತು ತರಲ್ಪಟ್ಟವನದು ಇನ್ನೊಂದು. ಒಂದೇ ಬಾವಿಯ ನೀರು ಸೇದುವ ಎರಡು ಮನೆಗಳ ನಡುವೆ ಅದು ಹಚ್ಚಿದ ಸಂಶಯವನ್ನು ಯಾವ ನ್ಯಾಯಾಲಯವು ಅಳೆದೀತು?

ಇನ್ನು ಮಾಡತಕ್ಕದ್ದೇನು? 2025ರ ಸೆಪ್ಟೆಂಬರದಲ್ಲಿ ಆಯೋಗವು ಅರ್ಜಿದಾರನು ಆಧಾರಕ್ಕೆ ಜೋಡಿಸಿದ ಮೊಬೈಲಿನ ಮೂಲಕ ತನ್ನ ಗುರುತನ್ನು ದೃಢಪಡಿಸಬೇಕೆಂಬ ಏರ್ಪಾಡನ್ನು ತಂದಿತು. ಕುದುರೆ ಹೋದ ಮೇಲೆ ಲಾಯಕ್ಕೆ ಅಗುಳಿ ಹಾಕಿದಂತಾದರೂ ಅಗುಳಿಯು ಬೇಕಾದದ್ದೇ. ಅದನ್ನು ನಾವು ಸ್ವಾಗತಿಸುವೆವು. ಆದರೆ ಇಷ್ಟರಿಂದಲೇ ಸಾಲದು. ಯಾರ ಹೆಸರನ್ನು ತೆಗೆಯಬೇಕೆಂದು ಅರ್ಜಿ ಬಂದಿದೆಯೋ ಅವನ ಮೊಬೈಲಿಗೆ ಆ ದಿನವೇ, ಕನ್ನಡದಲ್ಲಿ, ಸಂದೇಶವು ಹೋಗಬೇಕು; ಪುಣೆಯಲ್ಲಿ ಗಾರೆ ಹೊರುತ್ತಿರುವವನಿಗೂ ಅದು ಮುಟ್ಟುವದು. ಬಂದ ಆಕ್ಷೇಪಗಳ ಯಾದಿಯನ್ನು ಪ್ರಕಟಿಸಬೇಕೆಂಬ ನಿಯಮವು ಹಿಂದಿನಿಂದಲೂ ಇದೆ. ಅದನ್ನು ಕಚೇರಿಯ ಮೂಲೆಯ ಫಲಕಕ್ಕೆ ಅಂಟಿಸಿ ಕೈತೊಳೆದುಕೊಳ್ಳದೆ, ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿ ಓದಿಹೇಳಿಸಬೇಕು. ಫಿರ್ಯಾದು ದಾಖಲಾದ ಪ್ರಕರಣಗಳಲ್ಲಿ ಅಂತರ್ಜಾಲದ ದಾಖಲೆಗಳನ್ನು ತೀರ್ಪಾಗುವ ವರೆಗೆ ಕಾದಿಡಬೇಕು. ಸುಳ್ಳು ಘೋಷಣೆಗೆ 1950ರ ಕಾಯದೆಯ 31ನೆಯ ಕಲಮು ಒಂದು ವರ್ಷದ ವರೆಗಿನ ಸೆರೆವಾಸವನ್ನೂ, ಮತ್ತೊಬ್ಬನ ಗುರುತನ್ನು ಕದ್ದು ಬಳಸಿದುದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯದೆಯ 66ಸಿ ಕಲಮು ಮೂರು ವರ್ಷಗಳ ವರೆಗಿನ ಸೆರೆವಾಸವನ್ನೂ ಹೇಳುವವು. ಕಲಮುಗಳಿಗೆ ಕೊರತೆಯಿಲ್ಲ, ಅವು ಕೈದಿಯವರೆಗೆ ನಡೆಯಬೇಕಷ್ಟೆ.

ಅಧಿಕಾರಿಗಳಿಗೆ ನಮ್ಮ ವಿನಂತಿಯೊಂದಿದೆ. ಮತಗಟ್ಟೆಯ ಮಟ್ಟದ ಕೆಲಸವನ್ನು ಶಾಲೆ ಬಿಟ್ಟ ಮೇಲೆ ಮಾಡುವ ಬಿಟ್ಟಿಯ ಕೆಲಸವೆಂದು ಎಣಿಸಬೇಡಿರಿ. ಬೀಗ ಹಾಕಿದ ಬಾಗಿಲನ್ನು ಕಂಡಾಗ ನೆರೆಯ ಎರಡು ಮನೆಗಳನ್ನು ಕೇಳಿ, ಮತ್ತೊಮ್ಮೆ ಹೋಗಿ ಬರಬೇಕೆಂದು ಸ್ಪಷ್ಟವಾದ ಸೂಚನೆಯನ್ನು ಕೊಡಿರಿ. ಎಲ್ಲ ಯಂತ್ರಗಳೂ ಸೋತಲ್ಲಿ ಆಳಂದವನ್ನು ಉಳಿಸಿದ್ದು ಊರನ್ನು ಬಲ್ಲ ಒಬ್ಬ ಸಾಮಾನ್ಯ ನೌಕರರ ಎಚ್ಚರವೆಂಬದನ್ನು ಮರೆಯಬೇಡಿರಿ.

ನಾಗರಿಕರಿಗೂ ಒಂದು ಮಾತು. ಹೊಲದ ಪಹಣಿಯನ್ನು ವರ್ಷಕ್ಕೊಮ್ಮೆ ತೆಗೆಯಿಸಿ ನೋಡುವ ರೈತನು, ಬ್ಯಾಂಕಿನ ಪಾಸಬುಕ್ಕನ್ನು ತಿಂಗಳಿಗೊಮ್ಮೆ ಬರೆಯಿಸಿಕೊಳ್ಳುವ ಗುಮಾಸ್ತನು, ಮತದಾರರ ಯಾದಿಯನ್ನು ಐದು ವರ್ಷಗಳಿಗೊಮ್ಮೆಯಾದರೂ ನೋಡುವನೆ? 1950 ಎಂಬ ನಂಬರಿಗೆ ಫೋನು ಮಾಡಿದರೆ ಹೆಸರಿದೆಯೋ ಇಲ್ಲವೋ ತಿಳಿಯುವದು. ಓದುಬರಹ ಬಲ್ಲ ಪ್ರತಿಯೊಬ್ಬ ವಾಚಕನೂ ತನ್ನ ಹೆಸರಿನ ಜತೆಗೆ ತನ್ನ ಓಣಿಯಲ್ಲಿ ಕೀಲಿ ಹಾಕಿರುವ ಮನೆಗಳವರ ಹೆಸರುಗಳನ್ನೂ ನೋಡಲಿ. ಪಕ್ಷಗಳ ಕಾರ್ಯಕರ್ತರು ತಮ್ಮವರ ಹೆಸರುಗಳನ್ನಷ್ಟೇ ಕಾಯದೆ ಎದುರಾಳಿಯ ಹೆಸರನ್ನೂ ಕಾಯುವಷ್ಟು ದೊಡ್ಡ ಮನಸ್ಸನ್ನು ತೋರಿಸಲಿ. ಇಂದು ಅವನ ಹೆಸರು ಹೋದ ದಾರಿಯಿಂದಲೇ ನಾಳೆ ಇವನ ಹೆಸರೂ ಹೋಗಬಹುದು.

ಆಳಂದದ 5,994 ಹೆಸರುಗಳು ಯಾದಿಯಲ್ಲಿ ಉಳಿದವು. ಅವರಲ್ಲಿ ಅನೇಕರಿಗೆ ತಮ್ಮ ಹೆಸರು ಅಪಾಯದಲ್ಲಿತ್ತೆಂಬದೂ ಇಂದಿಗೂ ತಿಳಿದಿರಲಿಕ್ಕಿಲ್ಲ. ಮುಂದಿನ ಸಲ ಹೆಸರುಗಳು ದೈವವಶದಿಂದ ಉಳಿಯದೆ, ವ್ಯವಸ್ಥೆಯ ಬಲದಿಂದ ಉಳಿಯುವಂತೆ ಆಗಲೆಂದು ನಾವು ಆಯೋಗವನ್ನೂ ಸರಕಾರವನ್ನೂ ಆಗ್ರಹಪೂರ್ವಕವಾಗಿ ಕೇಳಿಕೊಳ್ಳುವೆವು.